ಏರೂರಿನ ಮೋಟಾರು, ನಮ್ಮವರ ಹೆಸರು

ಲಿಂಗಸುಗೂರಿನಲ್ಲಿ ನನ್ನನ್ನು ಹೊಸದಾಗಿ ನೋಡಿದ ಹೆಂಗಸರು ಮೊದಲು ಕೇಳುವುದು ಒಂದೇ ಮಾತು: “ವಿಲಾಯತಿಯೊಳಗ ಮೋಟಾರ ಹೊಡೀತಿದ್ದಿ ಅಂತಲ್ಲವಾ, ಖರೇನ?” ಖರೆ ಎಂದರೆ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. “ಅಂಜಿಕಿ ಆಗಲಿಲ್ಲೇನ?” ಎಂಬುದು ಎರಡನೆಯ ಪ್ರಶ್ನೆ. ಅಯ್ಯೋ, ಆಗದೆ ಇರುತ್ತದೆಯೆ! ವಿಲಾಯತಿಗೆ ಹೋಗಿಬಂದವರೆಲ್ಲ ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಂದು ವರ್ಣಿಸುತ್ತಾರೆ. ನಾನು ಅವನ್ನೂ ನೋಡಿರಬೇಕು, ನೆನಪಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವುದು ಒಂದು ಏರು, ಒಂದು ಕರಿ ಮೋಟಾರು, ಮತ್ತು ಮೂರು ತಿಂಗಳು ನನ್ನ ಹೊಟ್ಟೆಯೊಳಗೆ ಮನೆ ಮಾಡಿಕೊಂಡಿದ್ದ ಅಂಜಿಕೆ.

ಏರೂರು

ನಾನು ಹುಟ್ಟಿದ್ದು ಸಾಲಗುಂದದಲ್ಲಿ. ನಮ್ಮ ಸೀಮೆ ಎಷ್ಟು ಸಪಾಟು ಎಂದರೆ ಸಿಂಧನೂರಿನ ಕಡೆಯಿಂದ ಬರುವ ಗಾಡಿ ಯಾರ ಮನೆಯದೆಂದು ಅಂಗಳದಲ್ಲಿ ನಿಂತೇ ಹೇಳಬಹುದಿತ್ತು. ಎತ್ತರವೆಂದರೆ ನಮಗೆ ಬಣವೆ, ಇಲ್ಲವೇ ತಿಪ್ಪೆ. ಒಮ್ಮೆ ಮಸ್ಕಿಯ ಗುಡ್ಡ ಹತ್ತಿ, ಇಳಿಯುವಾಗ ಕಾಲು ನಡುಗಿ, ಅರ್ಧ ದಾರಿಯನ್ನು ಕೂತುಕೊಂಡೇ ಜಾರಿದವಳು ನಾನು. ಹುಟ್ಟಿದ್ದೇ ಹಾಗೆ, ಇಳಿಜಾರು ಕಂಡರೆ ನನಗೆ ಆಗುವುದಿಲ್ಲ.

ನಮ್ಮವರು ಪಾಮನಕಲ್ಲೂರಿನವರು. ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ, ನಿಜಾಮ ಸರ್ಕಾರ ಓದುವ ಹುಡುಗರಿಗೆ ಕೊಡುವ ವಜೀಫೆಯ ಮೇಲೆ ಹೆಚ್ಚಿನ ಓದಿಗೆ ವಿಲಾಯತಿಗೆ ಹೋಗಿದ್ದರು. ಓದು ಮುಗಿದಿತ್ತು. ಅಲ್ಲಿಯ ಒಬ್ಬ ಡಾಕ್ಟರರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿದ್ದಕ್ಕೆ ಪತ್ರ ತಂದರೆ ಲಿಂಗಸುಗೂರಿನ ದವಾಖಾನೆ ಇವರಿಗೆ ಎಂದು ಸರ್ಕಾರ ಹೇಳಿತ್ತು. ಆ ಒಂದು ವರ್ಷಕ್ಕೆ ನನ್ನನ್ನೂ ಕರೆಸಿಕೊಂಡರು. ಹಡಗಿನ ಕಥೆ ಬೇಡ. ಸಮುದ್ರ ಹೇಗಿತ್ತೆಂದು ಕೇಳಿದರೆ ನನಗೆ ಗೊತ್ತಿರುವುದು ಬಕೀಟಿನ ತಳ ಮಾತ್ರ.

ಊರು ವೇಲ್ಸ್ ಸೀಮೆಯದು. ಅದರ ಹೆಸರು ಹೇಳಬೇಕಾದರೆ ಗಂಟಲಲ್ಲಿ ಮುಳ್ಳು ಸಿಕ್ಕವರ ಹಾಗೆ ಕೆಮ್ಮಬೇಕು. ನಾನು ಏರೂರು ಎಂದು ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಎರಡು ಗುಡ್ಡಗಳ ನಡುವೆ ಒಂದು ಕರಿ ಹೊಳೆ, ಹೊಳೆಯ ದಂಡೆಗೆ ಕಲ್ಲಿದ್ದಲಿನ ಗಣಿ, ಅಲ್ಲಿಂದ ಮೇಲಕ್ಕೆ ಮನೆಗಳು. ಬೀದಿ ಎಂದರೆ ಮಲಗಿರುತ್ತದೆ ಎಂದು ನಾನು ತಿಳಿದಿದ್ದೆ. ಅಲ್ಲಿ ಬೀದಿಗಳು ಎದ್ದು ನಿಂತಿದ್ದವು. ಒಂದು ಮನೆಯ ಹೊಸ್ತಿಲು ಕೆಳಗಿನ ಮನೆಯ ಕಿಟಕಿಯ ಎತ್ತರಕ್ಕೆ! ಮೊದಲ ದಿನ ಸ್ಟೇಷನ್ನಿನಿಂದ ಮನೆಗೆ ಏರುವಾಗ ನಮ್ಮವರ ಕೋಟಿನ ತುದಿ ಹಿಡಿದುಕೊಂಡೇ ಹೋದೆ. ಜನ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ.

ಆದರೆ ಆ ಜನ ನಮ್ಮವರ ಹಾಗೇ ಇದ್ದರು. ಹೆಂಗಸರು ಬೆಳಿಗ್ಗೆ ಎದ್ದು ಹೊಸ್ತಿಲು ತಿಕ್ಕಿ, ಬಿಳಿ ಕಲ್ಲಿನಿಂದ ಅಂಚು ಬರೆಯುತ್ತಿದ್ದರು. ರಂಗೋಲಿಯ ಚುಕ್ಕಿ, ಎಳೆ ಇಲ್ಲ ಅಷ್ಟೆ. ಗಣಿಯ ಗಂಡಸರು ಕುರ್ಚಿ ಬಿಟ್ಟು ಬೀದಿಯ ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂರುತ್ತಿದ್ದರು, ಥೇಟ್ ಮಸ್ಕಿಯ ಸಂತೆಯ ಹಾಗೆ. ಕುರಿಗಳು ಗುಡ್ಡದಿಂದ ಇಳಿದು ಬಂದು ಮನೆಮನೆಯ ಕಸದ ಡಬ್ಬಿ ಉರುಳಿಸುತ್ತಿದ್ದವು. ಯಾರೂ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು. ತಿಳಿದಷ್ಟನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ನಾವು ಬಾಡಿಗೆಗೆ ಇದ್ದ ಮನೆಯ ಒಡತಿ ಗ್ವೆನ್ ಎಂಬಾಕೆ, ಐವತ್ತು ದಾಟಿದ ಗಟ್ಟಿ ಹೆಂಗಸು. ಗ್ವೆನಮ್ಮ ಎಂದು ನಾನು ಕರೆದರೆ ಖುಷಿಯಿಂದ ತಿರುಗುತ್ತಿದ್ದಳು. ಬಂದ ಮರುದಿನ, ನಿನ್ನ ಗಂಡನ ಹೆಸರೇನು ಎಂದು ಕೇಳಿದಳು. ನಾನು ನೆಲ ನೋಡಿದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಾಲಿನ ಜೊತೆ ಕುಡಿದು ಬೆಳೆದವಳು ನಾನು, ಹೇಗೆ ಹೇಳಲಿ? ನಮ್ಮ ಕಡೆಯ ದೇವರೊಬ್ಬನ ಹೆಸರು ಎಂದೆ. ಪಾಪ, ಆ ದೇವರು ಅವಳಿಗೆ ಎಲ್ಲಿಯ ಪರಿಚಯ! ಅಷ್ಟರಲ್ಲಿ ಒಲೆಯ ಮೇಲೆ ಚಹಾ ಉಕ್ಕಿತು. ನಾನು ಮೆಟ್ಟಿಲ ಬುಡದಲ್ಲಿ ನಿಂತು, “ರೀ! ಚಾ ಆಗೇತಿ, ಬರ್ರಿ!” ಎಂದು ಕೂಗಿದೆ.

ಗ್ವೆನಮ್ಮನ ಮುಖ ಅರಳಿತು. “ರೀಸ್! ನಮ್ಮ ಊರವರ ಹೆಸರೇ ಆತಲ್ಲ!” ಎಂದಳು.

ರೀಸ್ ಎಂಬುದು ಅಲ್ಲಿ ಓಣಿಗೆ ಐದಾರು ಜನರಿಗೆ ಇರುವ ಹೆಸರು. ತಿದ್ದಿ ಹೇಳೋಣವೆಂದರೆ ಮತ್ತೆ ನಿಜವಾದ ಹೆಸರು ಬಾಯಿಗೆ ಬರಬೇಕು. ಸುಮ್ಮನಾದೆ. ವಾರದೊಳಗೆ ಇಡೀ ಊರಿಗೆ ನಮ್ಮವರು ಡಾಕ್ಟರ್ ರೀಸ್ ಆದರು. “ಇರ್ಲಿ ಬಿಡು, ಈ ಊರಾಗ ಹುಟ್ಟಿದಂಗಾತು,” ಎಂದು ಅವರು ನಕ್ಕರು.

ಇಪ್ಪತ್ತೈದು ಗಜ

ನಗು ಬಹಳ ದಿನ ಉಳಿಯಲಿಲ್ಲ. ಇವರಿಗೆ ಕೆಲಸ ಕೊಟ್ಟ ದೊಡ್ಡ ಡಾಕ್ಟರಿಗೆ ವಯಸ್ಸಾಗಿತ್ತು, ಮೊಳಕಾಲು ಹಿಡಿದಿತ್ತು. ಗುಡ್ಡದ ಮೇಲಿನ ಮನೆಗಳಿಗೆ ಹೋಗಿಬರಲು ತಮ್ಮ ಸಣ್ಣ ಮೋಟಾರನ್ನು ಇವರಿಗೆ ಬಿಟ್ಟುಕೊಟ್ಟಿದ್ದರು. ಆದರೆ ಆ ದೇಶದಲ್ಲಿ ಆಗಷ್ಟೇ ಹೊಸ ಕಾನೂನು ಬಂದಿತ್ತು: ಮೋಟಾರು ಓಡಿಸುವವರು ಪರೀಕ್ಷೆ ಕೊಡಬೇಕು. ಪರೀಕ್ಷೆಯಲ್ಲಿ ಮೊದಲನೆಯದೇ, ಇಪ್ಪತ್ತೈದು ಗಜ ದೂರ ನಿಂತ ಗಾಡಿಯ ನಂಬರು ಓದುವುದು. ನಮ್ಮವರ ಕನ್ನಡಕ ಸೀಸೆಯ ತಳದಷ್ಟು ದಪ್ಪ. ಎರಡು ಸಲ ಹೋದರು. ಎರಡು ಸಲವೂ ಮೋಟಾರು ಹತ್ತುವ ಮುಂಚೆಯೇ ಮನೆಗೆ ಬಂದರು.

“ನಂಬರ ಹೋಗ್ಲಿ, ಗಾಡಿನೂ ಕಾಣಲಿಲ್ಲ ನೋಡು,” ಎಂದು ಬೂಟು ಬಿಚ್ಚುತ್ತ ಹೇಳಿದರು. ತಮಾಷೆ ಮಾಡಲು ನೋಡಿದರು, ಆಗಲಿಲ್ಲ.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ನೇರವಾಗಿ ಹೇಳಿದರು: ಚಳಿಗಾಲ ಬಂದರೆ ರೋಗಿಗಳು ಎರಡು ಪಟ್ಟು, ನಡೆದು ಹೋಗುವುದು ಆಗದ ಮಾತು. ಕ್ರಿಸ್‌ಮಸ್ಸಿನೊಳಗೆ ಮೋಟಾರು ಓಡಿಸುವವರು ಒಬ್ಬರನ್ನು ನೋಡಿಕೊಳ್ಳಿ, ಇಲ್ಲವಾದರೆ ಬೇರೆ ಡಾಕ್ಟರನ್ನು ನಾನು ನೋಡಿಕೊಳ್ಳುತ್ತೇನೆ. ಪತ್ರ ಕೈತಪ್ಪಿದರೆ ಲಿಂಗಸುಗೂರಿನ ದವಾಖಾನೆ ಹೋಯಿತು. ಎಂಟು ವರ್ಷ ಓದಿದ ಮನುಷ್ಯ ಬರಿಗೈಯಲ್ಲಿ ಪಾಮನಕಲ್ಲೂರಿಗೆ ಹೋಗಿ ನಿಲ್ಲಬೇಕು.

ಆ ಸಂಜೆ ನಾನು ಗೋಧಿ ಹಿಟ್ಟು ನಾದುತ್ತಿದ್ದೆ. ಜೋಳ ಸಿಗದ ದೇಶ ಅದು, ಮೊದಲೇ ಸಿಟ್ಟಿನಲ್ಲಿದ್ದೆ. ಅವರು ಒಲೆಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು.

“ಆ ನಂಬರ ನನಗ ಕಾಣ್ತದ,” ಎಂದೆ.

“ಯಾವುದು?”

“ಗಾಡಿ ನಂಬರ. ಇಲ್ಲೆ ಕುಂತು ಆ ಮೂಲಿ ಅಂಗಡಿ ಬೋರ್ಡ ಓದ್ತೀನಿ ನಾ.”

“ಕಣ್ಣ ಇದ್ರ ಸಾಕೇನ, ನೀಲಾ? ನೀ ಮಸ್ಕಿ ಗುಡ್ಡಾನ ಕುಂತು ಇಳದಾಕಿ.”

“ಮೋಟಾರಿನಾಗೂ ಕುಂತ ಇಳಿಯೋದಲ್ಲೇನ್ರಿ?”

ಅವರು ಜೋರಾಗಿ ನಕ್ಕರು. ಬಾಯಿ ನನ್ನದು ಮೊದಲಿನಿಂದಲೂ ಮುಂದೆ. ಧೈರ್ಯ ಹಿಂದಿನಿಂದ ಬರಬೇಕು, ಆ ದಿನ ಬರಲೇ ಇಲ್ಲ. ಮರುದಿನ ಅವರು ನನ್ನ ಹೆಸರಿನಲ್ಲಿ ಅರ್ಜಿ ಬರೆದು ಹಾಕಿ, ಕಲಿಯುವವರಿಗೆ ಕೊಡುವ ಲೈಸೆನ್ಸು ತಂದೇಬಿಟ್ಟರು. ಅದರಲ್ಲಿ ಏನು ಬರೆದಿದೆ ಎಂದು ನಾನು ಬಿಚ್ಚಿಯೂ ನೋಡಲಿಲ್ಲ.

ಇವಾನ್ ಕುದುರೆ

ಒಂದೇ ಹೆಸರಿನವರು ಬಹಳವಿದ್ದುದರಿಂದ ಅಲ್ಲಿಯ ಜನ ಹೆಸರಿಗೆ ಕಸುಬು ಅಂಟಿಸುತ್ತಾರೆ. ನಮ್ಮಲ್ಲಿ ಗಿರಣಿ ಬಸಪ್ಪ ಎನ್ನುವುದಿಲ್ಲವೆ, ಹಾಗೆ. ನನಗೆ ಕಲಿಸಲು ಒಪ್ಪಿದ ಮುದುಕ ಇವಾನ್ ಕುದುರೆ. ಗಣಿಯ ಒಳಗೆ ಕಲ್ಲಿದ್ದಲ ಬಂಡಿ ಎಳೆಯುವ ಗಿಡ್ಡ ಕುದುರೆಗಳನ್ನು ಮೂವತ್ತು ವರ್ಷ ನಡೆಸಿ, ಎದೆಯ ತುಂಬ ಕೆಮ್ಮು ತುಂಬಿಕೊಂಡು ಹೊರಗೆ ಬಂದಿದ್ದ. ಆಮೇಲೆ ಕೆಲವು ವರ್ಷ ಬ್ರೆಡ್ಡಿನ ಗಾಡಿ ಓಡಿಸಿದ್ದನಂತೆ.

“ಮೋಟಾರಂದ್ರ ಕಣ್ಣಿಲ್ಲದ ಕುದುರಿ, ತಾಯಿ. ನೀ ಅಂಜಿದ್ರ ಅದಕ್ಕ ಗೊತ್ತಾಗ್ತದ,” ಎಂದು ಮೊದಲನೆಯ ದಿನವೇ ಹೇಳಿದ. ನನಗೆ ಇನ್ನಷ್ಟು ಅಂಜಿಕೆಯಾಯಿತು.

ಸೀರೆಯ ನೆರಿಗೆ ಕಾಲಿಗೆ ತೊಡರಬಾರದೆಂದು, ಹೊಲದಲ್ಲಿ ಕಳೆ ತೆಗೆಯುವವರ ಹಾಗೆ ಕಚ್ಚೆ ಹಾಕಿ, ಮೇಲೆ ನಮ್ಮವರ ಹಳೆಯ ಕೋಟು ತೊಟ್ಟು ಕೂತೆ. ಕೈ ಚಕ್ರಕ್ಕೆ ಅಂಟಿಕೊಂಡಿತು. ಕಾಲ ಕೆಳಗೆ ಮೂರು ಪೆಡಲು, ನನಗಿರುವುದು ಎರಡೇ ಕಾಲು. ಈ ಲೆಕ್ಕವೇ ನನಗೆ ಸರಿ ಹೋಗಲಿಲ್ಲ. ನಿಲ್ಲಿಸು ಎಂದು ಇವಾನ್ ಹೇಳಿದಾಗ ನಾನು ಬ್ರೇಕು ಒತ್ತುವುದು ಬಿಟ್ಟು, “ಹೋ! ಹೋ!” ಎಂದು ಎತ್ತಿಗೆ ಹೇಳುವ ಹಾಗೆ ಕೂಗಿ ಹಿಂದಕ್ಕೆ ವಾಲಿದೆ. ಇವಾನ್ ಕೈ ಬ್ರೇಕು ಎಳೆದ. “ಅದಕ್ಕ ನಿನ್ನ ಭಾಷಾ ಬರೂದಿಲ್ಲ,” ಎಂದ.

ಹೊಳೆಯ ದಂಡೆಯ ಮಟ್ಟದ ರಸ್ತೆಯಲ್ಲಿ ಒಂದು ವಾರ ಕಲಿತೆ. ಅಲ್ಲಿ ಒಂದು ಮುದುಕಿ ತನ್ನ ಬಾಗಿಲಲ್ಲಿ ನಿಂತು ನನಗೆ ಕೈ ಎತ್ತಿದಳು. ಎಪ್ಪತ್ತು ದಾಟಿದ ಹಿರಿಯಳು! ಒಂದು ಕೈಯಲ್ಲಿ ನಮಸ್ಕಾರ ಮಾಡುವುದುಂಟೆ? ನಾನು ಎರಡೂ ಕೈ ಜೋಡಿಸಿದೆ. ಮೋಟಾರು ಹೋಗಿ ಅವಳದೇ ಕಾಂಪೌಂಡಿನ ಗೋಡೆಗೆ ಮೂಗು ಇಟ್ಟಿತು. ಮುದುಕಿ ಬೈಯುವುದಿರಲಿ, ಒಳಗೆ ಕರೆದು ಚಹಾ ಕೊಟ್ಟಳು. ಲೋಟವನ್ನೂ ನಾನು ಎರಡೂ ಕೈಯಲ್ಲೇ ಹಿಡಿದೆ.

ಎರಡನೆಯ ವಾರ ಏರು ಶುರುವಾಯಿತು. ಪರೀಕ್ಷೆಯಲ್ಲಿ ಏರಿನ ನಡುಮಧ್ಯೆ ಮೋಟಾರು ನಿಲ್ಲಿಸಿ, ಒಂದು ಗೇಣೂ ಹಿಂದೆ ಸರಿಯದಂತೆ ಮತ್ತೆ ಹೊರಡಬೇಕು. ಕೈ ಬ್ರೇಕು ಬಿಡುತ್ತ, ಎಡಗಾಲು ಮೆಲ್ಲಗೆ ಸಡಿಲಿಸುತ್ತ, ಬಲಗಾಲು ಒತ್ತಬೇಕು. ಬ್ರೇಕು ಬಿಟ್ಟಿರುತ್ತದೆ, ಎಂಜಿನ್ನು ಇನ್ನೂ ಹಿಡಿದಿರುವುದಿಲ್ಲ. ನಡುವಿನ ಆ ಗಳಿಗೆಯಲ್ಲಿ ಬೆನ್ನಿನ ಹಿಂದೆ ಇಡೀ ಬೀದಿ ಬಾಯಿ ತೆರೆದುಕೊಂಡಿದೆ ಎನ್ನಿಸುತ್ತಿತ್ತು. ಪ್ರತಿ ಸಲ ಕಣ್ಣು ಮುಚ್ಚಿಬಿಡುತ್ತಿದ್ದೆ. “ಕಣ್ಣ ತಗಿ, ತಾಯಿ! ಕುದುರಿಗಿಲ್ಲ, ನಿನಗರ ಇರ್ಲಿ!” ಎಂದು ಇವಾನ್ ಚೀರುತ್ತಿದ್ದ.

ರಾತ್ರಿ ಮಲಗಿದರೆ ಮಂಚ ಹಿಂದೆ ಜಾರುತ್ತಿತ್ತು. ಆದರೂ ಹೋಗುತ್ತಿದ್ದೆ, ಯಾಕೆಂದರೆ ನಮ್ಮವರು ದಿನಾ ಆ ಬೀದಿಗಳನ್ನು ಚೀಲ ಹೊತ್ತು ಹತ್ತಿ ಇಳಿದು, ಸಂಜೆ ಬಂದು ಹಸಿ ಬೂಟನ್ನು ಒಲೆಯ ಮುಂದೆ ಒಣಗಲು ಇಡುವುದನ್ನು ನೋಡುತ್ತಿದ್ದೆ.

ರೀಸ್‌ಗಳ ಓಣಿ

ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಮಧ್ಯಾಹ್ನ, ಜಿಟಿಜಿಟಿ ಮಳೆ. ಊರಿನಲ್ಲೇ ಕಡಿದಾದ ಓಣಿಯೊಂದರ ನಡುವೆ ಇವಾನ್ ನಿಲ್ಲಿಸಲು ಹೇಳಿದ. ನಿಲ್ಲಿಸಿದೆ. ಹೊರಡು ಎಂದ. ನಾನು ಎಡಗಾಲನ್ನು ಒಮ್ಮೆಲೇ ಬಿಟ್ಟೆ. ಎಂಜಿನ್ನು ಒಂದು ಸಲ ಕೊಸರಿ ಸತ್ತಿತು. ಗಾಬರಿಯಲ್ಲಿ ಕಾಲು ಬ್ರೇಕಿನ ಮೇಲಿಂದ ಜಾರಿತು. ಮೋಟಾರು ಹಿಂದಕ್ಕೆ ಸರಿಯತೊಡಗಿತು.

ಇವಾನ್ ಎರಡೂ ಕೈಯಲ್ಲಿ ಕೈ ಬ್ರೇಕು ಎಳೆದ. ಗಾಲಿ ಬಿಗಿದರೂ ಹಸಿ ಕಲ್ಲಿನ ಮೇಲೆ ಮೋಟಾರು ಜಾರುತ್ತಲೇ ಇತ್ತು. ನಾನು ತಿರುಗಿ ಹಿಂದಿನ ಸಣ್ಣ ಗಾಜಿನ ಕಿಟಕಿಯಿಂದ ನೋಡಿದೆ. ಕೆಳಗೆ ರಸ್ತೆಯ ಮಧ್ಯದಲ್ಲಿ ನಮ್ಮವರು! ಯಾವುದೋ ಮನೆಯಿಂದ ಹೊರಬಿದ್ದು, ನಮಗೆ ಬೆನ್ನು ಮಾಡಿ, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕನ್ನಡಕ ತೆಗೆದು ಒರೆಸುತ್ತ ಇಳಿಯುತ್ತಿದ್ದರು. ಸತ್ತ ಎಂಜಿನ್ನಿಗೆ ಸದ್ದೆಲ್ಲಿಯದು?

“ರೀ!” ಎಂದು ಕಿರುಚಿದೆ. “ರೀ! ರೀ!”

ಗೋಡೆಗೆ ಒರಗಿ ಕೂತಿದ್ದ ಮೂವರು ಗಣಿಯವರು ತಟ್ಟನೆ ತಲೆ ಎತ್ತಿದರು. ಎದುರು ಮನೆಯ ಕಿಟಕಿ ತೆರೆಯಿತು. ಮೇಲಿನ ಮನೆಯಿಂದ ಒಬ್ಬ, ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡವನು, ಹೊರಗೆ ಬಂದ. ಓಣಿಯ ರೀಸ್‌ಗಳೆಲ್ಲ ತಿರುಗಿ ನೋಡಿದರು. ನಮ್ಮವರೊಬ್ಬರು ತಿರುಗಲಿಲ್ಲ. ಆ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರೋ ಯಾರನ್ನೋ ರೀಸ್ ಎಂದು ಕೂಗುತ್ತಲೇ ಇರುತ್ತಾರೆ. ಇಷ್ಟು ದಿನದಲ್ಲಿ ಅವರಿಗೆ ಅದು ಕಿವಿಗೆ ಬೀಳದಷ್ಟು ರೂಢಿಯಾಗಿತ್ತು.

ಹತ್ತು ಮಾರು ಉಳಿಯಿತು. ಆರು ಉಳಿಯಿತು.

ಆಗ ನನ್ನ ಬಾಯಿಂದ ಅವರ ಹೆಸರು ಬಂತು. ಹೇಳಬೇಕೆಂದು ಹೇಳಲಿಲ್ಲ. ಗಂಟಲು ಹರಿಯುವ ಹಾಗೆ, ಎರಡು ಸಲ, ಬೀದಿಯಲ್ಲಿ, ಅಷ್ಟು ಜನ ಗಂಡಸರ ಮುಂದೆ ಕೂಗಿದೆ.

ಅವರು ಚಾಟಿ ಏಟು ಬಿದ್ದವರ ಹಾಗೆ ತಿರುಗಿದರು. ಕನ್ನಡಕವಿಲ್ಲದ ಕಣ್ಣಿಗೆ ಏನು ಕಂಡಿತೋ, ಪಕ್ಕದ ಮನೆಯ ಮೆಟ್ಟಿಲಿಗೆ ಹಾರಿದರು. ಮೋಟಾರು ಅವರು ನಿಂತಿದ್ದ ಜಾಗದ ಮೇಲೆ ಹಾದು ಹೋಯಿತು. ಗಣಿಯವರಲ್ಲಿ ಒಬ್ಬ, ಒಲೆಗೆಂದು ಮನೆಗೆ ಒಯ್ಯುತ್ತಿದ್ದ ಮರದ ಕೊರಡನ್ನು ಗಾಲಿಯ ಹಿಂದೆ ಎಸೆದ. ಉಳಿದವರು ಭುಜ ಕೊಟ್ಟರು. ಮೋಟಾರು ನಿಂತಿತು. ಅವರ ಕನ್ನಡಕ ಗಾಲಿಯ ಕೆಳಗೆ ಪುಡಿಯಾಗಿತ್ತು.

ಅವರು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಹನ್ನೆರಡು ದಿನ

ನಿಮಗೆ ನಗು ಬರಬಹುದು. ಸಾಯುವವರು ಬದುಕಿದರು, ಇನ್ನೇನು ಬೇಕು ಎನ್ನಬಹುದು. ನಾನು ಆ ರಾತ್ರಿ ಎದ್ದೆದ್ದು ಅವರ ಉಸಿರು ನೋಡಿದೆ. ನಮ್ಮಲ್ಲಿ ಗಂಡನ ಹೆಸರು ಹೇಳಲು ಒಂದೇ ದಾರಿ: ಮದುವೆಯಲ್ಲೋ, ಬಸುರಿಗೆ ಕುಪ್ಪಸ ಮಾಡುವಾಗಲೋ ಹೆಂಗಸರು ಅಡ್ಡ ನಿಂತು ಒತ್ತಾಯ ಮಾಡಿದಾಗ, ಒಡಪು ಕಟ್ಟಿ, ನಾಲ್ಕು ಸಾಲಿನೊಳಗೆ ಹೆಸರು ಮುಚ್ಚಿ ಹೇಳಬಹುದು. ಅದು ಶುಭ. ನಾನು ಒಡಪಿಲ್ಲದೆ, ಬರಿದೆ, ಸತ್ತವರ ಮನೆಯಲ್ಲಿ ಅಳುವಾಗ ಹೆಂಡತಿ ಕೂಗುವ ಹಾಗೆ ಕೂಗಿದ್ದೆ. ನಮ್ಮೂರಲ್ಲಿ ಗಂಡನ ಹೆಸರು ಹಾಗೆ ಕೇಳಿಬರುವುದು ಅಂಥ ಮನೆಯಿಂದಲೇ.

ಮೂರು ದಿನ ನಾನು ಮೋಟಾರಿನ ಹತ್ತಿರ ಹೋಗಲಿಲ್ಲ. ಒಪ್ಪೊತ್ತು ಹಿಡಿದೆ. ಅವರು ಒಮ್ಮೆ ಸೀನಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನಾಲ್ಕನೆಯ ದಿನ ಗ್ವೆನಮ್ಮ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದಳು. ಹೇಳಿದೆ. ಅವಳು ನಗಲಿಲ್ಲ. ಗಣಿಯವರ ಮನೆಗಳಲ್ಲಿ ಗಂಡಸರು ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಸ್ನಾನ ಮಾಡುತ್ತಾರೆ. ಬೆನ್ನು ಮಾತ್ರ ತೊಳೆಸಿಕೊಳ್ಳುವುದಿಲ್ಲ, ತೊಳೆದರೆ ಬೆನ್ನಿನ ಬಲ ಹೋಗಿ ಗಣಿಯಲ್ಲಿ ಕಲ್ಲು ಬೀಳುತ್ತದೆ ಎಂಬ ನಂಬಿಕೆ. “ಮದುವಿಯಾದ ಹೊಸತರಾಗ ನಾ ಗೊತ್ತಿಲ್ದ ತೊಳದಿದ್ದೆ,” ಎಂದಳು. “ವರ್ಸಾನುಗಟ್ಲೆ ದಿನಾ ಬಾಗಲಾಗ ನಿಂತು ಅಂವ ಬರೋತನಕ ದಾರಿ ನೋಡೀನಿ.”

“ಅಂಜಿಕಿ ಹೋತೇನ?” ಎಂದೆ.

“ಎಲ್ಲಿ ಹೋಗ್ತದ!” ಎಂದಳು, ಬಟಾಟೆ ಸಿಪ್ಪೆ ತೆಗೆಯುತ್ತ.

ಆ ಸಂಜೆ ನಮ್ಮವರು ಮೆತ್ತಗೆ ಹೇಳಿದರು: “ಬ್ಯಾಡ ಬಿಡು, ನೀಲಾ. ಊರಿಗೆ ಹೋಗೂಣು. ಏನರ ಮಾಡಿದ್ರಾತು.” ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ಬೂಟಿನ ದಾರ ಕಟ್ಟಲು ಬಾಗಿ, ದಾರ ಕಾಣದೆ ತಡವರಿಸುತ್ತಿದ್ದರು. ನಾನು ಕೂತು ದಾರ ಕಟ್ಟಿದೆ. ಮರುದಿನ ಬೆಳಿಗ್ಗೆ ಇವಾನ್ ಬಾಗಿಲು ತಟ್ಟುವ ಮೊದಲೇ ಕಚ್ಚೆ ಹಾಕಿ ನಿಂತಿದ್ದೆ.

ಪರೀಕ್ಷೆಯ ದಿನ

ಪರೀಕ್ಷೆಯ ಸಾಹೇಬರು ಉದ್ದನೆಯ ಮನುಷ್ಯ, ಕಪ್ಪು ಟೊಪ್ಪಿಗೆ, ನಗುವೇ ಗೊತ್ತಿಲ್ಲದ ಮುಖ. ಇವಾನ್‌ನನ್ನು ದೂರ ನಿಲ್ಲಿಸಿ, ನನ್ನ ಲೈಸೆನ್ಸು ಬಿಚ್ಚಿ ಕೈಯಲ್ಲಿ ಹಿಡಿದು ಕೇಳಿದರು: “ನಿಮ್ಮ ಹೆಸರು?”

“ನೀಲಮ್ಮ,” ಎಂದೆ.

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. “ಇದರಲ್ಲಿ ಆ ಹೆಸರಿಲ್ಲ.”

ನನಗೆ ಆಗ ತಿಳಿಯಿತು. ಆ ದೇಶದ ಕಾಗದಪತ್ರದಲ್ಲಿ ಮದುವೆಯಾದವಳಿಗೆ ತನ್ನ ಹೆಸರೆಂಬುದಿಲ್ಲ. ಗಂಡನ ಹೆಸರೇ ಅವಳ ಹೆಸರು. ನಮ್ಮವರು ಅರ್ಜಿಯಲ್ಲಿ ಅಲ್ಲಿಯ ಪದ್ಧತಿಯಂತೆ ಮಿಸೆಸ್ ಎಂದು ಬರೆದು, ಮುಂದೆ ತಮ್ಮ ಹೆಸರು ಹಾಕಿದ್ದರು. ಅಲ್ಲಿ ಹೆಂಡತಿ ದಿನಕ್ಕೆ ಹತ್ತು ಸಲ ಗಂಡನ ಹೆಸರು ಹೇಳಿಕೊಂಡೇ ತಿರುಗಬೇಕು!

“ಇದು ನಿಮ್ಮದೇ ಆಗಿದ್ದರೆ ಹೆಸರು ಹೇಳಿ,” ಎಂದರು ಸಾಹೇಬರು. “ಊರಿನವರು ನಿಮ್ಮ ಗಂಡ ಡಾಕ್ಟರ್ ರೀಸ್ ಎನ್ನುತ್ತಾರೆ. ನೀವು ನೀಲಮ್ಮ ಎನ್ನುತ್ತೀರಿ. ಇಲ್ಲಿ ಬರೆದಿರುವುದು ಮೂರನೆಯದು. ಬೇರೆಯವರ ಲೈಸೆನ್ಸಿನ ಮೇಲೆ ನಾನು ಪರೀಕ್ಷೆ ಮಾಡಲಾರೆ.”

ಅವರು ಕಾಗದ ಮಡಿಚತೊಡಗಿದರು. ಅದರ ಜೊತೆಗೆ ಲಿಂಗಸುಗೂರಿನ ದವಾಖಾನೆಯೂ ಮಡಿಚಿಕೊಳ್ಳುತ್ತಿತ್ತು. ಒಂದು ಸಲ ಬರಿದೆ ಕೂಗಿ ಹನ್ನೆರಡು ದಿನ ನರಕ ಕಂಡಿದ್ದೆ. ಇನ್ನೊಂದು ಸಲವೆ? ಅದೂ ಬೇಕೆಂದೇ, ತಣ್ಣಗೆ ನಿಂತುಕೊಂಡು? ಮೋಟಾರಿನ ಬಾಗಿಲು ಹಿಡಿದುಕೊಂಡೆ. ಎದುರಿಗೆ ಅಡ್ಡ ನಿಂತು ಹೆಸರು ಕೇಳುತ್ತಿರುವ ಸಾಹೇಬರನ್ನು ನೋಡಿದೆ. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಕೇಳುವ ಹೆಂಗಸರೂ ಹೀಗೇ ನಿಲ್ಲುತ್ತಾರಲ್ಲ!

ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಬಾಯಿಗೆ ಬಂದ ಹಾಗೆ ಕಟ್ಟಿ ಹೇಳಿದೆ:

“ಎಣ್ಣಿ ಕುಡಿಯೋ ಕುದುರಿಗೆ ನಾಕು ಗಾಲಿ,
ಏರು ಕಂಡ ಕೂಡಲೇ ಎದಿಯೆಲ್ಲ ಖಾಲಿ,
ಕಪ್ಪು ಟೊಪಗಿ ಸಾಹೇಬಗ ಮಾಡತೀನಿ ಸಲಾಮ,
ಅಮರಪ್ಪನವರ ಮಡದಿ ನಾ, ನೀಲಮ್ಮ ನನ್ನ ನಾಮ.”

ಕಣ್ಣು ತೆರೆದರೆ ಸಾಹೇಬರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದು, ತಲೆ ಬಾಗಿಸಿ ನಿಂತಿದ್ದರು. ದೂರದಲ್ಲಿ ಇವಾನ್ ಕೂಡ! ಪ್ರಾರ್ಥನೆ ಎಂದು ತಿಳಿದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸಾಹೇಬರು ಲೈಸೆನ್ಸಿನ ಮೇಲೆ ಬೆರಳಿಟ್ಟು, “ಅಮರಪ್ಪ,” ಎಂದು ನಿಧಾನವಾಗಿ ಓದಿದರು. “ಕೇಳಿಸಿತು. ಎರಡೂ ಹೆಸರು ಕೇಳಿಸಿದವು. ಆ ಗಾಡಿಯ ನಂಬರು ಓದಿ.”

ಓದಿದೆ. ಆಮೇಲಿನದೆಲ್ಲ ಬಿಡಿಬಿಡಿಯಾಗಿ ನೆನಪಿದೆ. ಕುರಿಯೊಂದು ಅಡ್ಡ ಬಂತು, ನಿಲ್ಲಿಸಿದೆ. ಯಾರೋ ಕೈ ಎತ್ತಿದರು, ನಾನು ಎತ್ತಲಿಲ್ಲ, ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಕೊನೆಗೆ ಸಾಹೇಬರು ಅದೇ ಓಣಿಯಲ್ಲಿ, ಏರಿನ ಮಧ್ಯದಲ್ಲಿ ನಿಲ್ಲಿಸಿ ಎಂದರು. ಹಿಂದೆ ಯಾರಿದ್ದಾರೆಂದು ನೋಡಿದೆ, ಯಾರೂ ಇರಲಿಲ್ಲ. ಆದರೂ ಇನ್ನೊಮ್ಮೆ ನೋಡಿದೆ. ಈ ಸಲ ಕಣ್ಣು ಮುಚ್ಚಲಿಲ್ಲ. ಎಡಗಾಲು ಎಳ್ಳು ಎಳ್ಳಷ್ಟೇ ಬಿಟ್ಟೆ. ಮೋಟಾರು ಒಮ್ಮೆ ನಡುಗಿ, ಮುಂದಕ್ಕೆ ಹೊರಟಿತು.

ಪಾಸು.

ಮೇಲಿನ ಮನೆಯಿಂದ ಕೆಳಗೆ

ಅದೇ ಸಂಜೆ ಊರಿನ ತುತ್ತತುದಿಯ ಮನೆಯಿಂದ ಕರೆ ಬಂತು. ಇವರನ್ನು ನಾನೇ ಕರೆದುಕೊಂಡು ಹೋದೆ. ಹಿಂದಿರುಗುವಾಗಲೂ ಮೋಟಾರಿನಲ್ಲಿ ನಾವಿಬ್ಬರೇ ಇದ್ದೆವು. ಮುಂದೆ ಇಡೀ ಇಳಿಜಾರು, ಕೆಳಗೆ ಊರಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಲೈಸೆನ್ಸು ಬಂದರೂ ನನ್ನ ಅಂಜಿಕೆಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ.

“ನೀಲಾ, ಒಂದ ಮಾತ ಹೇಳ್ತೀನಿ,” ಎಂದರು.

“ಇಳಿಜಾರ ಮುಗೀಲಿ, ಆಮ್ಯಾಗ ಹೇಳ್ರಿ.”

ಅವರು ಕಾಯಲಿಲ್ಲ. “ಅವತ್ತ ಓಣ್ಯಾಗ ಕೂಗಿದಾಕಿ ನೀ ಅಂತ ನನಗ ಗೊತ್ತಾಗಲಿಲ್ಲ. ನಮ್ಮವ್ವ ಕರದಂಗಾತು. ಅದಕ್ಕ ತಿರುಗಿದೆ.”

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಅವ್ವ ಹೋದಾಗ ನಾ ಒಂಬತ್ತ ವರ್ಸದಾಂವ. ಆಮ್ಯಾಲೆ ವಜೀಫೆ ಹುಡುಗ ಅಂದ್ರು, ಡಾಕ್ಟರ್ ಅಂದ್ರು, ನೀ ರೀ ಅಂತಿ, ಇಲ್ಲೆ ರೀಸ್ ಅಂತಾರ. ಹಂಗ ಬಾಯಿ ತುಂಬ ಕರದವರು ಮತ್ತ ಯಾರೂ ಇಲ್ಲ ನೋಡು. ಅವತ್ತ ಮೆಟ್ಲ ಮ್ಯಾಲ ಕುಂತು ನಾ ಅಂಜಿದ್ದಿಲ್ಲ. ಇನ್ನೊಮ್ಮೆ ಕರೀತಾಳೇನೋ ಅಂತ ನೋಡಾಕತ್ತಿದ್ದೆ.”

“ಆಯುಷ್ಯದ ಮಾತರೀ ಅದು,” ಎಂದೆ.

“ನನ್ನ ಆಯುಷ್ಯ. ನಾನ ಕೇಳಾಕತ್ತೀನಿ.”

ಇಳಿಜಾರು ಪೂರಾ ಇಳಿದೆ. ಹೊಳೆಯ ದಂಡೆಯ ಮಟ್ಟದ ರಸ್ತೆಗೆ ಬಂದು ಮೋಟಾರು ನಿಲ್ಲಿಸಿದೆ. ಹತ್ತಿರ ಯಾರೂ ಇರಲಿಲ್ಲ. ಯಾವ ಅಪಾಯವೂ ಇರಲಿಲ್ಲ. ಏರಿನಲ್ಲಿ ಬ್ರೇಕು ಬಿಟ್ಟ ಗಳಿಗೆಯಲ್ಲಿ ಬೆನ್ನಿನ ಹಿಂದೆ ಬೀದಿ ಬಾಯಿ ತೆರೆಯುತ್ತಿತ್ತಲ್ಲ, ಈ ಮಟ್ಟದ ನೆಲದ ಮೇಲೂ ಹಾಗೇ ತೆರೆಯಿತು. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮುಖ ಆಚೆಗೆ ಮಾಡಿ ಕಾಯುತ್ತ ಕೂತಿದ್ದರು.

“ಅಮರಪ್ಪಾ,” ಎಂದೆ.

“ಓ,” ಎಂದರು.